ಮಹಾಗನಿ ಮತ್ತು ಬೀಟೆ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ರಿಪ್ಪನ್‌ಪೇಟೆಯು ಮಲೆನಾಡಿನ ಒಂದು ಪುಟ್ಟ ಊರು. 1880ರಿಂದ 1884ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್ನನ ಹೆಸರನ್ನು ಅದು ಇಂದಿಗೂ ಹೊತ್ತಿದೆ. ಆಂಗ್ಲರಿಂದ ಈ ನಾಡಿಗೆ ಬಂದುದು ಊರ ಹೆಸರುಗಳು ಮಾತ್ರವಲ್ಲ. ಚಾಪೆ, ಮಣೆ, ಜಗಲಿಗಳ ಮೇಲೆ ಕುಳಿತುಕೊಳ್ಳುತ್ತಿದ್ದ ಜನರ ನಡುವೆ ಕುರ್ಚಿಯ ಬಳಕೆ ಹರಡಿದುದೂ ಬಹುಮಟ್ಟಿಗೆ ಅವರ ಕಚೇರಿ ಮತ್ತು ಬಂಗಲೆಗಳ ಮೂಲಕವೇ. ಈ ಕುರ್ಚಿಯ ಹಿಂದೆ ಒಂದು ದೀರ್ಘವಾದ ಇತಿಹಾಸವಿದೆ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬಡಗಿಗಳು ಉತ್ತಮ ಪೀಠೋಪಕರಣಗಳಿಗೆ ಹೆಚ್ಚಾಗಿ ಅಕ್ರೋಟದ ಮರವನ್ನು ಬಳಸುತ್ತಿದ್ದರು. 1709ರ ಭೀಕರ ಚಳಿಗೆ ಯೂರೋಪಿನ ಅಕ್ರೋಟದ ಮರಗಳು ಅಪಾರವಾಗಿ ನಾಶವಾದವು. 1721ರಲ್ಲಿ ಇಂಗ್ಲೆಂಡಿನ ಸರ್ಕಾರವು ತನ್ನ ಅಮೆರಿಕದ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕವನ್ನು ತೆಗೆದುಹಾಕಿತು. ಆಗ ಜಮೈಕಾ ದ್ವೀಪದ ಮಹಾಗನಿ ಹಡಗು ಹಡಗಾಗಿ ಬಂದಿಳಿಯಿತು. ಕೆಂಗಂದು ಬಣ್ಣದ ಈ ಮರ ಗಟ್ಟಿಯಾದುದು. ಸುಲಭವಾಗಿ ಹುಳು ಹಿಡಿಯದು. ಅದರಿಂದ ಅಗಲವಾದ ಹಲಗೆಗಳು ದೊರೆಯುತ್ತಿದ್ದವು. ಕುರ್ಚಿಯ ಬೆನ್ನನ್ನು ಬಳ್ಳಿಯಂತೆ ತೆಳ್ಳಗೆ ಕೊರೆದರೂ ಅದು ಮುರಿಯುತ್ತಿರಲಿಲ್ಲ.

ಈ ಮರದ ಗುಣವನ್ನು ಚೆನ್ನಾಗಿ ಅರಿತವನು ಥಾಮಸ್ ಚಿಪ್ಪೆಂಡೇಲ್. 1718ರಲ್ಲಿ ಹುಟ್ಟಿದ ಆತನು ಲಂಡನ್ನಿನಲ್ಲಿ ಕಾರ್ಯಾಗಾರವನ್ನು ನಡೆಸಿ, 1754ರಲ್ಲಿ ಪೀಠೋಪಕರಣಗಳ ನಮೂನೆಗಳ ಒಂದು ಚಿತ್ರಪುಸ್ತಕವನ್ನು ಪ್ರಕಟಿಸಿದನು. ಅದನ್ನು ನೋಡಿ ದೂರದೂರದ ಬಡಗಿಗಳೂ ಅವನ ಮಾದರಿಯಲ್ಲಿ ಕುರ್ಚಿಗಳನ್ನು ಮಾಡತೊಡಗಿದರು. ಅನಂತರ ಹೆಪಲ್‌ವೈಟ್ ಮತ್ತು ಶೆರಟನ್ ಎಂಬವರ ಪುಸ್ತಕಗಳೂ ಪ್ರಸಿದ್ಧವಾದವು. ಆದರೆ ಈ ಸೊಬಗಿನ ಹಿಂದೆ ಕಣ್ಣೀರೂ ಇತ್ತು. ಜಮೈಕಾದ ಕಾಡುಗಳಲ್ಲಿ ಮಹಾಗನಿಯನ್ನು ಕಡಿದು ಸಾಗಿಸಿದವರು ಆಫ್ರಿಕದಿಂದ ಬಲಾತ್ಕಾರವಾಗಿ ತಂದ ಗುಲಾಮರು.

ಒಳ್ಳೆಯ ಕುರ್ಚಿಯ ಬಾಳಿಕೆಯು ಅದರ ಸಂದುಗಳಲ್ಲಿದೆ. ಮರವು ಮಳೆಗಾಲದಲ್ಲಿ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಮೊಳೆ ಹೊಡೆದ ಸಂದು ಈ ಎಳೆದಾಟದಲ್ಲಿ ಸಡಿಲಗೊಳ್ಳುತ್ತದೆ. ಮೊಳೆಗೆ ತುಕ್ಕೂ ಹಿಡಿಯುತ್ತದೆ. ಆದುದರಿಂದ ನುರಿತ ಬಡಗಿಯು ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದು ಮರದಲ್ಲಿ ಅದಕ್ಕೆ ಸರಿಯಾದ ಕುಳಿಯನ್ನು ಕೊರೆದು, ಎರಡನ್ನೂ ಬಿಗಿಯಾಗಿ ಕೂರಿಸುತ್ತಾನೆ. ಲಂಡನ್ನಿನ ಕುಶಲಿಯೂ ಮಲೆನಾಡಿನ ಬಡಗಿಯೂ ನೆಚ್ಚಿದುದು ಇದೇ ವಿದ್ಯೆಯನ್ನು.

ಇಂಗ್ಲೆಂಡಿಗೆ ಮಹಾಗನಿ ಹೇಗೋ ಕನ್ನಡ ನಾಡಿಗೆ ಬೀಟೆ ಹಾಗೆ. ಕಪ್ಪು ಗೆರೆಗಳುಳ್ಳ ನೇರಿಳೆಗಂದು ಬಣ್ಣದ ಈ ಮರವು ಪಶ್ಚಿಮ ಘಟ್ಟಗಳ ಸೀಮೆಯಲ್ಲಿ ಬೆಳೆಯುತ್ತದೆ. ಸಾಗರ, ಸೊರಬಗಳ ಗುಡಿಗಾರರು ತಲೆಮಾರುಗಳಿಂದ ಮರದ ಕೆತ್ತನೆಗೆ ಹೆಸರಾದವರು. ಅವರ ಕೈಯಲ್ಲಿ ಗಂಧದ ತುಂಡು ದೇವರ ಮೂರ್ತಿಯಾಗುತ್ತದೆ, ಬೆಂಡು ಮದುಮಕ್ಕಳ ಬಾಸಿಂಗವಾಗುತ್ತದೆ. ಮೈಸೂರಿನ ಕುಶಲಿಗಳು ಬೀಟೆಯ ಹಲಗೆಯಲ್ಲಿ ದಂತದ ಚೂರುಗಳನ್ನು ಹುದುಗಿಸಿ ಚಿತ್ರಗಳನ್ನು ಬಿಡಿಸಿದರು. 1897ರಲ್ಲಿ ಬೆಂಕಿಗೆ ಆಹುತಿಯಾಗಿ 1912ರಲ್ಲಿ ಮತ್ತೆ ಎದ್ದುನಿಂತ ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲು ಈ ಕಲೆಗೆ ಸಾಕ್ಷಿ. ಇಂದು ದಂತದ ವ್ಯಾಪಾರ ನಿಷಿದ್ಧ; ಅದರ ಸ್ಥಾನವನ್ನು ಬೇರೆ ಬೇರೆ ಬಣ್ಣದ ಮರಗಳ ಚೂರುಗಳು ತುಂಬಿವೆ.

ಮರ ಬೆಳೆಯಲು ಹಲವು ದಶಕಗಳು ಬೇಕು. ಕಡಿಯಲು ಒಂದು ದಿನ ಸಾಕು. ಜಮೈಕಾದ ದೊಡ್ಡ ಮಹಾಗನಿಗಳು ಒಂದು ಶತಮಾನ ಕಳೆಯುವುದರೊಳಗೆ ವಿರಳವಾದವು. ವ್ಯಾಪಾರಿಗಳು ಕ್ಯೂಬಾ, ಹೊಂಡುರಾಸ್‌ಗಳ ಕಾಡುಗಳತ್ತ ತಿರುಗಿದರು. ನಮ್ಮ ಬೀಟೆಗೂ ಅಂಥದೇ ಗತಿ ಒದಗಬಾರದೆಂದು ಅದನ್ನು ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕೆಂಬ ನಿಯಮವಿದೆ. 2017ರಿಂದ ಅಂತರರಾಷ್ಟ್ರೀಯ ಒಪ್ಪಂದವೊಂದು ಅದರ ವಿದೇಶ ವ್ಯಾಪಾರವನ್ನೂ ನಿಯಂತ್ರಿಸುತ್ತಿದೆ.

ಮಲೆನಾಡಿನ ಹಳೆಯ ಮನೆಯೊಂದರ ಜಗಲಿಯಲ್ಲಿ ಅಜ್ಜನ ಕಾಲದ ಬೀಟೆಯ ಕುರ್ಚಿ ಇದ್ದರೆ, ಅದರ ಬೆತ್ತ ಹರಿದಿದೆಯೆಂದು ಅದನ್ನು ಮೂಲೆಗೆಸೆಯಬಾರದು. ಬೆತ್ತವನ್ನು ಮತ್ತೆ ಹೆಣೆಯಿಸಬಹುದು, ಸಡಿಲವಾದ ಕಾಲನ್ನು ಮತ್ತೆ ಬಿಗಿಸಬಹುದು. ಹಳೆಯದನ್ನು ದುರಸ್ತಿ ಮಾಡಿ ಉಳಿಸಿದಷ್ಟೂ ಹೊಸ ಮರಕ್ಕೆ ಕೊಡಲಿ ಬೀಳುವುದು ತಪ್ಪುತ್ತದೆ. ಬಡಗಿಯ ವಿದ್ಯೆಯೂ ಉಳಿಯುತ್ತದೆ.