ಹೊಸ ವರ್ಷನ್ ಬಿಡುವ ಮುನ್ನ ಹಳೆಯ ಬಳಕೆದಾರರ ಲೆಕ್ಕ

ಪ್ರೋಗ್ರಾಮರ್‌ಗಳಿಗೆ ‘ಮೇಕ್’ ಹೊಸದಲ್ಲ. ಯಾವ ಫೈಲು ಬದಲಾಗಿದೆ ಎಂದು ನೋಡಿ, ಅಷ್ಟನ್ನೇ ಮತ್ತೆ ಕಂಪೈಲ್ ಮಾಡಿಸುವ ಈ ಪ್ರೋಗ್ರಾಮನ್ನು 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದರು. ಅದರ ಫೈಲಿನಲ್ಲಿ ಕೆಲವು ಸಾಲುಗಳು ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ಹಾಕಿದರೆ ಕೆಟ್ಟಿತು. ಕಣ್ಣಿಗೋ ಎರಡೂ ಒಂದೇ. ಇದು ತೊಡಕು ಎಂದು ಫೆಲ್ಡ್‌ಮನ್‌ಗೆ ಬೇಗನೇ ಗೊತ್ತಾಯಿತು. ಅಷ್ಟರಲ್ಲಿ ಹತ್ತು ಹನ್ನೆರಡು ಜನ, ಹೆಚ್ಚಿನವರು ಗೆಳೆಯರೇ, ಬಳಸತೊಡಗಿದ್ದರು. ಅವರಿಗೆ ತೊಂದರೆಯಾಗದಿರಲಿ ಎಂದು ಹಾಗೇ ಬಿಟ್ಟರು. ಆ ಟ್ಯಾಬ್ ಇವತ್ತಿಗೂ ಹೊಸಬರನ್ನು ಕಾಡುತ್ತಿದೆ.

ಗೆಳೆಯರಿಗೆ ಒಂದು ಮಧ್ಯಾಹ್ನದ ಕೆಲಸವಾಗಿ ಮುಗಿಯುತ್ತಿದ್ದುದು ಎರಡು ತಲೆಮಾರಿನ ತಲೆನೋವಾಯಿತು. ಅಂದೇ ಬದಲಿಸಿಬಿಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಬಳಸುವವರು ಬೆರಳೆಣಿಕೆಯಷ್ಟಿದ್ದಾಗ ಧೈರ್ಯವಾಗಿ ಮುರಿಯಿರಿ. ಅವರ ಸಂಖ್ಯೆ ಬೆಳೆದ ಮೇಲೆ ಮುರಿಯಲೇಬೇಕಾಗಿ ಬಂದರೆ ದಿನ ಗೊತ್ತುಮಾಡಿ, ಮುಂಚೆಯೇ ಹೇಳಿ, ಬೇರೆ ದಾರಿ ತೋರಿಸಿ ಮುರಿಯಿರಿ. ಗಿಟ್‌ಹಬ್‌ನಲ್ಲಿ ಪುಟ್ಟ ಲೈಬ್ರರಿಯೊಂದನ್ನು ನೋಡಿಕೊಳ್ಳುತ್ತಿರುವವರಿಗೂ ಮುಂದಿನ ಕ್ರಮ ಒಗ್ಗುತ್ತದೆ.

1. ಏನನ್ನು ಬದಲಿಸುವುದಿಲ್ಲ ಎಂದು ಬರೆದಿಡಿ

ಅಂಕಿಯನ್ನು ಕನ್ನಡ ಪದಗಳಿಗೆ ಬದಲಿಸುವ ಪೈಥಾನ್ ಲೈಬ್ರರಿಯೊಂದು ನಿಮ್ಮದು ಎಂದಿಟ್ಟುಕೊಳ್ಳಿ. 125 ಕೊಟ್ಟರೆ ‘ನೂರ ಇಪ್ಪತ್ತೈದು’ ಬರುತ್ತದೆ. ಯಾವ ಫಂಕ್ಷನ್‌ಗಳು ಹೊರಗಿನವರ ಬಳಕೆಗೆ, ಯಾವುವು ಒಳಗಿನವು, ಪೈಥಾನ್‌ನ ಯಾವ ವರ್ಷನ್‌ಗಳಲ್ಲಿ ಓಡುತ್ತದೆ, ತಪ್ಪು ಅಂಕಿ ಕೊಟ್ಟರೆ ಯಾವ ಎರರ್ ಬರುತ್ತದೆ ಎಂಬುದನ್ನು ರೀಡ್‌ಮಿ ಫೈಲಿನಲ್ಲೇ ಬರೆಯಿರಿ. ಒಳಗಿನ ಫಂಕ್ಷನ್‌ಗಳ ಹೆಸರನ್ನು ಅಂಡರ್‌ಸ್ಕೋರ್‌ನಿಂದ ಶುರುಮಾಡುವುದು ಪೈಥಾನ್‌ನವರ ರೂಢಿ. ಅದನ್ನೇ ಪಾಲಿಸಿ.

ಬರೆದಿಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಮುಂದಿನ ವರ್ಷನ್‌ನಲ್ಲಿ ‘ನೂರಇಪ್ಪತ್ತೈದು’ ಎಂದು ಕೂಡಿಸಿ ಬರೆಯುವುದೇ ಚೆಂದ ಎಂದು ನಿಮಗೆ ಅನ್ನಿಸಬಹುದು. ಎಲ್ಲೋ ಒಂದು ಸಹಕಾರ ಸಂಘದ ರಸೀದಿ ಪ್ರೋಗ್ರಾಮು ಆ ಸ್ಪೇಸ್ ನೋಡಿಯೇ ಸಾಲು ಮುರಿಯುತ್ತಿದ್ದರೆ, ಮರುದಿನದಿಂದ ಅಲ್ಲಿನ ಮೊತ್ತದ ಕೊನೆಯ ಅಕ್ಷರಗಳು ಕಾಗದದ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ನೀವು ಆ ಸ್ಪೇಸ್ ಬಗ್ಗೆ ಯಾರಿಗೂ ಮಾತು ಕೊಟ್ಟಿರಲಿಲ್ಲ, ನಿಜ. ಆದರೆ ಬಳಸುವವರು ಸಾಕಷ್ಟು ಜನರಾದಾಗ, ನೀವು ಬರೆದುಕೊಟ್ಟಿದ್ದೇನೇ ಇರಲಿ, ಕಣ್ಣಿಗೆ ಬೀಳುವ ಪ್ರತಿಯೊಂದು ನಡವಳಿಕೆಯನ್ನೂ ಯಾರಾದರೊಬ್ಬರು ನೆಚ್ಚಿಕೊಂಡಿರುತ್ತಾರೆ. ಎಂಜಿನಿಯರ್ ಹೈರಮ್ ರೈಟ್ ಗಮನಿಸಿ ಹೇಳಿದ ಇದನ್ನು ‘ಹೈರಮ್ಸ್ ಲಾ’ ಎಂದೇ ಕರೆಯುತ್ತಾರೆ. ಹಾಗಾಗಿ ಪ್ರತಿ ಬದಲಾವಣೆಗೂ ಎರಡು ಪ್ರಶ್ನೆ ಹಾಕಿಕೊಳ್ಳಿ. ಕೊಟ್ಟ ಮಾತು ತಪ್ಪುತ್ತಿದೆಯೇ? ಮಾತು ಕೊಡದಿದ್ದರೂ ಯಾರಿಗಾದರೂ ಪೆಟ್ಟು ಬೀಳುತ್ತದೆಯೇ? ಎರಡನೆಯದಕ್ಕೆ ಮಾತ್ರ ಹೌದೆನ್ನಬೇಕಾಗಿ ಬಂದರೆ ಬದಲಾವಣೆ ಮಾಡಬಹುದು, ಆದರೆ ಗುಟ್ಟಾಗಿ ಅಲ್ಲ.

2. ನಂಬರಿಗೆ ಅರ್ಥ ಕೊಡಿ

‘ಸೆಮ್ಯಾಂಟಿಕ್ ವರ್ಷನಿಂಗ್’ ಪದ್ಧತಿ ಸಾಕು. 2.4.1 ಎಂಬಲ್ಲಿ ಕೊನೆಯ ಅಂಕಿ ಏರಿದರೆ ಬಗ್ ಸರಿಮಾಡಿದ್ದೀರಿ, ನಡುವಿನದು ಏರಿದರೆ ಹಳೆಯದನ್ನು ಮುಟ್ಟದೆ ಹೊಸದು ಸೇರಿಸಿದ್ದೀರಿ, ಮೊದಲನೆಯದು ಏರಿದರೆ ಏನನ್ನೋ ಮುರಿದಿದ್ದೀರಿ. ಸೊನ್ನೆಯಿಂದ ಶುರುವಾಗುವ ವರ್ಷನ್‌ಗಳಲ್ಲಿ ಏನು ಬೇಕಾದರೂ ಬದಲಾಗಬಹುದು. ಕೆಲವರು ಈ ರಿಯಾಯಿತಿಯಲ್ಲೇ ವರ್ಷಗಟ್ಟಲೆ ಕಾಲ ತಳ್ಳುತ್ತಾರೆ. ನಿಮ್ಮ ಕೋಡನ್ನು ಜನ ನಿತ್ಯದ ಕೆಲಸಕ್ಕೆ ಬಳಸುತ್ತಿದ್ದರೆ 1.0 ಎಂದು ಹೇಳಿಬಿಡುವುದೇ ಮರ್ಯಾದೆ.

ನಂಬರೂ ಕೈಕೊಡುವುದುಂಟು. 2011ರ ಜುಲೈನಲ್ಲಿ ಲಿನಕ್ಸ್ ಕರ್ನೆಲ್ 2.6.39ರಿಂದ 3.0ಕ್ಕೆ ಜಿಗಿಯಿತು. ಮುರಿಯುವಂಥ ಬದಲಾವಣೆ ಏನೂ ಇರಲಿಲ್ಲ, ಬರೀ ನಂಬರು ಸರಳವಾಯಿತು. ಆದರೂ ವರ್ಷನ್ 2.6 ಎಂದೇ ಶುರುವಾಗುತ್ತದೆ ಎಂದು ನಂಬಿದ್ದ ಕೆಲವು ಪ್ರೋಗ್ರಾಮುಗಳು ಮುಗ್ಗರಿಸಿದವು. ಅಂಥವಕ್ಕೆಂದೇ, ಕೇಳಿದರೆ ತನ್ನನ್ನು 2.6.40 ಎಂದು ಹೇಳಿಕೊಳ್ಳುವ ಒಂದು ವ್ಯವಸ್ಥೆಯನ್ನು ಕರ್ನೆಲ್‌ಗೆ ಸೇರಿಸಬೇಕಾಯಿತು. ಬಳಕೆದಾರರ ಪ್ರೋಗ್ರಾಮು ಮುರಿಯಬಾರದು ಎಂಬ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಹಟ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

3. ಫೀಚರ್‌ಗೆ ಕಾಯಬೇಡಿ, ತಾರೀಖು ಹಾಕಿ

ಪೈಥಾನ್ 2020ರ 3.9ರಿಂದ ಈಚೆಗೆ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಬರುತ್ತದೆ. ಲಿನಕ್ಸ್ ಕರ್ನೆಲ್ 9-10 ವಾರಕ್ಕೊಮ್ಮೆ, ರಸ್ಟ್ ಭಾಷೆ 6 ವಾರಕ್ಕೊಮ್ಮೆ. ತಾರೀಖು ಗೊತ್ತಿದ್ದರೆ ಅರೆಬೆಂದ ಫೀಚರನ್ನು ತುರುಕುವ ಒತ್ತಡ ಇರುವುದಿಲ್ಲ, ಈ ಬಸ್ಸು ತಪ್ಪಿದರೆ ಮುಂದಿನದು ಇದ್ದೇ ಇದೆ. ಒಬ್ಬರೋ ಇಬ್ಬರೋ ನಡೆಸುವ ಯೋಜನೆಗೆ ವರ್ಷಕ್ಕೆ ಎರಡು ಫೀಚರ್ ರಿಲೀಸ್ ಧಾರಾಳವಾಯಿತು. ಮುರಿಯುವ ರಿಲೀಸ್ ಎರಡು ವರ್ಷಕ್ಕೊಂದಕ್ಕಿಂತ ಹೆಚ್ಚು ಬೇಡ.

4. ತೆಗೆಯುವ ಮುನ್ನ ಎಚ್ಚರಿಸಿ

ಹಳೆಯ ಫಂಕ್ಷನ್ನನ್ನು ಕಿತ್ತುಹಾಕುವ ಬದಲು, ಕರೆದಾಗ ಎಚ್ಚರಿಕೆ ಕೊಡುವಂತೆ ಮಾಡಿ. ಆ ಎಚ್ಚರಿಕೆಯಲ್ಲಿ ಮೂರು ಸಂಗತಿ ಇರಲೇಬೇಕು: ಯಾವುದು ಹೋಗುತ್ತದೆ, ಅದರ ಬದಲು ಏನು ಬಳಸಬೇಕು, ಯಾವ ವರ್ಷನ್‌ನಲ್ಲಿ ಹೋಗುತ್ತದೆ. ವೆಬ್‌ಸೈಟ್ ಕಟ್ಟಲು ಬಳಸುವ ಜ್ಯಾಂಗೋದಲ್ಲಿ ಎಚ್ಚರಿಕೆಯ ಹೆಸರಿನಲ್ಲೇ ‘ಇಂಥ ವರ್ಷನ್‌ನಲ್ಲಿ ತೆಗೆಯಲಾಗುತ್ತದೆ’ ಎಂದಿರುತ್ತದೆ. ನೋಡಿಲ್ಲ ಎನ್ನಲು ಎಡೆಯೇ ಇಲ್ಲ.

ಹೀಗೆ ಮಾಡಿದರೂ ಪೆಟ್ಟು ಪೂರ್ತಿ ತಪ್ಪದು. ಪೈಥಾನ್‌ನ ಕಲೆಕ್ಷನ್ಸ್ ಮಾಡ್ಯೂಲಿನಲ್ಲಿದ್ದ ‘ಮ್ಯಾಪಿಂಗ್’ ಮೊದಲಾದ ಹೆಸರುಗಳು 2012ರ 3.3ರಲ್ಲೇ ಬೇರೆ ಜಾಗಕ್ಕೆ ಹೋದವು, ಹಳೆಯ ವಿಳಾಸವೂ ನಡೆಯುತ್ತಿತ್ತು. ಅದನ್ನು 3.9ರಲ್ಲಿ ತೆಗೆಯುವುದೆಂದು ಯೋಚಿಸಿದ್ದರು. ಇನ್ನೂ 2.7ಕ್ಕೂ ಸೇರಿಸಿ ಕೋಡ್ ಬರೆಯುತ್ತಿದ್ದವರಿಗಾಗಿ ಒಂದು ವರ್ಷ ಮುಂದೂಡಿದರು. 2021ರ 3.10ರಲ್ಲಿ ಕೊನೆಗೂ ತೆಗೆದಾಗ, ಒಂಬತ್ತು ವರ್ಷದ ಅವಕಾಶವಿದ್ದರೂ ಹಲವು ಲೈಬ್ರರಿಗಳು ಮುರಿದುಬಿದ್ದವು. ಪೈಥಾನ್‌ನಲ್ಲಿ ಇಂಥ ಎಚ್ಚರಿಕೆಗಳು ಮಾಮೂಲಿ ಓಟದಲ್ಲಿ ಬಹುಪಾಲು ಮರೆಯಲ್ಲೇ ಇರುತ್ತವೆ, ಟೆಸ್ಟ್ ಓಡಿಸುವವರಿಗಷ್ಟೇ ಕಾಣುತ್ತವೆ. ಆದ್ದರಿಂದ ರಿಲೀಸ್ ಟಿಪ್ಪಣಿಯಲ್ಲೂ ಡಾಕ್ಯುಮೆಂಟೇಶನ್ನಿನಲ್ಲೂ ಅದೇ ಮಾತನ್ನು ಮತ್ತೆ ಮತ್ತೆ ಹೇಳಿ. ಬೇಸರವಾದರೂ ಸರಿ.

ಬರೀ ಹೆಸರು ತಪ್ಪಾಗಿದ್ದರೆ ಹಳೆಯದನ್ನು ತೆಗೆಯುವ ಗೋಜಿಗೇ ಹೋಗಬೇಡಿ, ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿ. ಯೂನಿಕೋಡ್‌ನಲ್ಲಿ ಹಳಗನ್ನಡದ ‘ೞ’ ಅಕ್ಷರದ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’ ಎಂದಿದೆ. ಶುದ್ಧ ತಪ್ಪು, ಅದು ತಪ್ಪೆಂದು ಯೂನಿಕೋಡ್‌ನವರೂ ಒಪ್ಪಿದ್ದಾರೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅವರ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪರ್ಯಾಯವಾಗಿ ದಾಖಲಿಸಿ ಸುಮ್ಮನಾದರು.

5. ದೊಡ್ಡ ಬದಲಾವಣೆಗೆ ಸೇತುವೆ ಕಟ್ಟಿ

ಪೈಥಾನ್ 2ರಲ್ಲಿ ‘ಕನ್ನಡ’ ಎಂಬ ಸ್ಟ್ರಿಂಗ್‌ನ ಉದ್ದ ಕೇಳಿದರೆ, ಯುಟಿಎಫ್-8 ಇದ್ದಲ್ಲಿ, 15 ಎನ್ನುತ್ತಿತ್ತು. ಅದು ಎಣಿಸುತ್ತಿದ್ದುದು ಬೈಟ್‌ಗಳನ್ನು. ಪೈಥಾನ್ 3 ಅದನ್ನೇ 5 ಎನ್ನುತ್ತದೆ: ಕ, ನ, ಹಲಂತ ಚಿಹ್ನೆ, ಇನ್ನೊಂದು ನ, ಡ. ಕನ್ನಡದಂಥ ಭಾಷೆಗಳಲ್ಲಿ ಕೆಲಸ ಮಾಡುವವರಿಗೆ ಈ ಬದಲಾವಣೆ ವರ. ಹಳೆಯದನ್ನು ಮುರಿಯದೆ ಅದು ಆಗುವಂತಿರಲಿಲ್ಲ. ಮುರಿದದ್ದು ಸರಿ, ಮುರಿದ ರೀತಿಯಲ್ಲಿ ಎಡವಟ್ಟಾಯಿತು.

3.0 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಹಳೆಯ ಕೋಡನ್ನು ‘2ಟು3’ ಎಂಬ ಪ್ರೋಗ್ರಾಮಿನಿಂದ ಒಂದೇ ಸಲಕ್ಕೆ ಪರಿವರ್ತಿಸಿಕೊಂಡು ಎಲ್ಲರೂ ದಾಟಿ ಬರುತ್ತಾರೆ ಎಂಬುದು ಎಣಿಕೆ. ಯಾರೂ ಬರಲಿಲ್ಲ, ಏಕೆಂದರೆ ತಾವು ನೆಚ್ಚಿದ ಲೈಬ್ರರಿ ದಾಟುವ ತನಕ ತಾವು ದಾಟುವಂತಿಲ್ಲ, ಆ ಲೈಬ್ರರಿಯವರೋ ತಮ್ಮ ಬಳಕೆದಾರರನ್ನು ಕಾಯುತ್ತಿದ್ದರು. ಕೊನೆಗೆ ಕೆಲಸಕ್ಕೆ ಬಂದದ್ದು, ಒಂದೇ ಕೋಡು 2ರಲ್ಲೂ 3ರಲ್ಲೂ ಓಡುವಂತೆ ಬರೆಯುವ ಉಪಾಯ. ಅದಕ್ಕೆ ‘ಸಿಕ್ಸ್’ ಎಂಬ ಲೈಬ್ರರಿ ನೆರವಾಯಿತು. ಎರಡನ್ನು ಮೂರರಿಂದ ಗುಣಿಸಿ ಇಟ್ಟ ಹೆಸರು! 3.0ರಲ್ಲಿ ಕಿತ್ತಿದ್ದ ಸ್ಟ್ರಿಂಗ್ ಮುಂದಿನ ‘ಯು’ ಅಕ್ಷರವನ್ನು, ಏನೂ ಉಪಯೋಗವಿಲ್ಲದಿದ್ದರೂ, 3.3ರಲ್ಲಿ ವಾಪಸ್ ತಂದರು. 2.7ರ ಗಡುವು 2015ರಿಂದ 2020ಕ್ಕೆ ಹೋಯಿತು. ನಿಮ್ಮ ದೊಡ್ಡ ರಿಲೀಸಿಗೆ ಇದರಿಂದ ಒಂದೇ ಪರೀಕ್ಷೆ ಎತ್ತಿಕೊಳ್ಳಿ: ಬಳಕೆದಾರರು ಏನೋ ಒಂದು ರೀತಿ ಬರೆದರೆ ಹಳೆಯ ವರ್ಷನ್‌ನಲ್ಲೂ ಹೊಸದರಲ್ಲೂ ಓಡುತ್ತದೆಯೇ? ಇಲ್ಲವೆಂದಾದರೆ ಮೊದಲು ಹಳೆಯ ಸರಣಿಯಲ್ಲೇ ಇನ್ನೊಂದು ರಿಲೀಸ್ ಬಿಟ್ಟು, ಹೊಸ ಹೆಸರುಗಳನ್ನು ಅಲ್ಲೂ ಸಿಗುವಂತೆ ಮಾಡಿ.

6. ಬೇರೆಯವರ ಕೋಡಿನ ಮೇಲೆ ಪರೀಕ್ಷಿಸಿ

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ರಸ್ಟ್ ತಂಡದವರು ‘ಕ್ರೇಟರ್’ ಎಂಬ ವ್ಯವಸ್ಥೆಯಲ್ಲಿ ಜನ ಹಂಚಿಕೊಂಡ ಪ್ಯಾಕೇಜ್‌ಗಳನ್ನೆಲ್ಲ ಹೊಸ ಕಂಪೈಲರ್‌ನಿಂದ ಕಟ್ಟಿಸಿ ಎಲ್ಲಿ ಮುರಿಯುತ್ತದೆ ನೋಡುತ್ತಾರೆ. ನಿಮಗೆ ಅಷ್ಟು ಬೇಡ. ನಿಮ್ಮ ಲೈಬ್ರರಿ ಬಳಸುವ ನಾಲ್ಕೈದು ಯೋಜನೆಗಳನ್ನು ಗಿಟ್‌ಹಬ್‌ನಲ್ಲಿ ಹುಡುಕಿ, ಅವುಗಳ ಟೆಸ್ಟ್‌ಗಳನ್ನು ನಿಮ್ಮ ರಿಲೀಸ್ ಕ್ಯಾಂಡಿಡೇಟ್ ಮೇಲೆ ಓಡಿಸಿ. ಕ್ಯಾಂಡಿಡೇಟ್ ಎರಡು ವಾರವಾದರೂ ಹೊರಗಿರಲಿ. ಆ ಅವಧಿಯಲ್ಲಿ ಬಗ್ ಸರಿಮಾಡುವುದು ಬಿಟ್ಟು ಬೇರೇನನ್ನೂ ಒಳಗೆ ಬಿಡಬೇಡಿ.

7. ಟಿಪ್ಪಣಿ, ಹಳೆಯ ಶಾಖೆ, ಮರುದಿನ

ರಿಲೀಸ್ ಟಿಪ್ಪಣಿಯಲ್ಲಿ ಮುರಿದದ್ದು ಮೊದಲು, ಹೊಸ ಫೀಚರ್ ಆಮೇಲೆ. ಮುರಿದ ಪ್ರತಿಯೊಂದಕ್ಕೂ ‘ಹಿಂದೆ ಹೀಗೆ, ಈಗ ಹೀಗೆ’ ಎಂದು ಎರಡು ಸಾಲು ಕೋಡ್ ಇರಲಿ. ಹಳೆಯ ಸರಣಿಗೆ ಎಲ್ಲಿಯವರೆಗೆ ಭದ್ರತಾ ಪ್ಯಾಚ್ ಸಿಗುತ್ತದೆ ಎಂಬ ತಾರೀಖನ್ನೂ ಅಲ್ಲೇ ಹಾಕಿ. ಸಂಬಳವಿಲ್ಲದೆ ದುಡಿಯುವವರು ಐದು ವರ್ಷದ ಭರವಸೆ ಕೊಡುವುದು ಬೇಡ. ಒಂದು ವರ್ಷವೆಂದು ಹೇಳಿ ಒಂದು ವರ್ಷ ನಡೆಸಿದರೆ ಸಾಕು.

ರಿಲೀಸ್ ಆದ ವಾರ ಊರಿಗೆ ಹೋಗುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ‘ನಮ್ಮದು ಮುರಿಯಿತು’ ಎಂಬ ದೂರು ಬಂದಾಗ, ನೀವು ಹೇಳಿರದ ಬದಲಾವಣೆಯಿಂದ ಹಾಗಾಗಿದ್ದರೆ ವಾದಕ್ಕೆ ಇಳಿಯದೆ ಆ ಬದಲಾವಣೆಯನ್ನು ಹಿಂತೆಗೆದು, ಕೊನೆಯ ಅಂಕಿ ಏರಿಸಿ ಇನ್ನೊಂದು ರಿಲೀಸ್ ಬಿಡಿ. ಅದೇ ನಂಬರಿನಲ್ಲಿ ಬೇರೆ ಫೈಲು ಹಾಕುವ ಆಸೆ ಬೇಡ. ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐ, ಅಳಿಸಿದ ಫೈಲಿನ ಹೆಸರಿನಲ್ಲೂ ಮತ್ತೊಂದನ್ನು ಹಾಕಲು ಬಿಡುವುದಿಲ್ಲ. ಕೆಟ್ಟ ರಿಲೀಸನ್ನು ಅಲ್ಲಿ ‘ಯಾಂಕ್’ ಮಾಡಬಹುದು: ಹೊಸದಾಗಿ ಹಾಕಿಕೊಳ್ಳುವವರಿಗೆ ಅದು ತಾನಾಗಿ ಸಿಗುವುದಿಲ್ಲ, ಅದೇ ನಂಬರನ್ನು ಗುರುತುಹಾಕಿಕೊಂಡವರಿಗೆ ಮಾತ್ರ ಸಿಗುತ್ತದೆ.