ಹರಳೆಣ್ಣೆ: ಮೈಗೆ ಹಚ್ಚಿ, ಮಗುವಿಗೆ ಕುಡಿಸಬೇಡಿ

ಪ್ರಶ್ನೆ: ನನ್ನ ಮಗುವಿಗೆ ಮೂರು ತಿಂಗಳು, ಎದೆಹಾಲು ಮಾತ್ರ ಕುಡಿಯುತ್ತದೆ. ನಾಲ್ಕು ದಿನಕ್ಕೊಮ್ಮೆ ಕಕ್ಕಸು ಮಾಡುತ್ತದೆ. ನಮ್ಮತ್ತೆ ರಾಗಿ ಹೊಲದ ಅಕ್ಕಡಿ ಸಾಲಿನ ಹರಳನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಮನೆಯಲ್ಲೇ ಎಣ್ಣೆ ತೆಗೆಯುತ್ತಾರೆ. ವಾರಕ್ಕೊಮ್ಮೆ ಒಳಲೆಯಲ್ಲಿ ಕುಡಿಸಿದರೆ ಹೊಟ್ಟೆ ಶುದ್ಧವಾಗುತ್ತದೆ, ನಿನ್ನ ಗಂಡನನ್ನೂ ಹಾಗೇ ಸಾಕಿದ್ದು ಅನ್ನುತ್ತಾರೆ. ತುಂಬು ಗರ್ಭಿಣಿ ನಾದಿನಿಗೂ ನೋವು ಬರಲೆಂದು ಕೊಡುವ ಮಾತಿದೆ. ಕೊಡಬಹುದೇ?
– ಹೆಸರು ಬೇಡ, ಕೈಲಾಂಚ

ಉತ್ತರ: ಇಬ್ಬರಿಗೂ ಬೇಡಮ್ಮ.

ಮೊದಲು ಮಗುವಿನ ವಿಚಾರ. ಎದೆಹಾಲು ಕುಡಿಯುವ ಕೂಸು ಒಂದೂವರೆ ತಿಂಗಳು ದಾಟಿದ ಮೇಲೆ ನಾಲ್ಕೈದು ದಿನ ಕಕ್ಕಸು ಮಾಡದೆ ಇರಬಹುದು. ಮಲ ಮೆತ್ತಗಿದ್ದು, ಮಗು ಚೆನ್ನಾಗಿ ಹಾಲು ಕುಡಿದು ಆಡಿಕೊಂಡಿದ್ದರೆ ಅದು ಮಲಬದ್ಧತೆಯಲ್ಲ. ಒಳಲೆಯಲ್ಲಿ ಎಣ್ಣೆ ಹೊಯ್ಯುವಾಗ ಮಗು ಅತ್ತು ಉಸಿರೆಳೆದುಕೊಂಡರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಟಾದ ಎಣ್ಣೆ ಕೆಮ್ಮಿದರೂ ಹೊರಬರುವುದಿಲ್ಲ, ನ್ಯುಮೋನಿಯಾ ಆಗುತ್ತದೆ. ಮೂಗಿಗೆ ಬಿಡುವ ರೂಢಿಯಿದ್ದರೆ ಅದನ್ನೂ ನಿಲ್ಲಿಸಿ. ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಅಂದೇ ವೈದ್ಯರಿಗೆ ತೋರಿಸಿ.

ಹರಳೆಣ್ಣೆ ಕರುಳಿಗೆ ಇಳಿದು ಜೀರ್ಣವಾಗುವಾಗ ಅದರಿಂದ ರಿಸಿನೋಲಿಕ್ ಆಮ್ಲ ಬಿಡುಗಡೆಯಾಗುತ್ತದೆ. ಕರುಳಿನ ಸ್ನಾಯುವನ್ನು ಹಿಂಡಿ ಭೇದಿ ಮಾಡಿಸುವುದು ಅದೇ. ಗರ್ಭಕೋಶದ ಸ್ನಾಯುವನ್ನು ಹಿಂಡುವುದೂ ಅದೇ. ನಿಮ್ಮತ್ತೆಯವರ ಮಾತು ಹುಟ್ಟಿದ್ದು ಈ ಅನುಭವದಿಂದಲೇ. ಆದರೆ ಕುಡಿದ ಮೇಲೆ ಎಷ್ಟು ನೋವು ಬರಬೇಕೆಂದು ನಮ್ಮ ಕೈಯಲ್ಲಿ ಅಳತೆಯಿಲ್ಲ. ವಾಂತಿ-ಭೇದಿಯಾಗಿ ಗರ್ಭಿಣಿ ಸುಸ್ತಾಗುತ್ತಾಳೆ. ಹಿಂದೆ ಸಿಸೇರಿಯನ್ ಆಗಿದ್ದರಂತೂ ಹಳೆಯ ಹೊಲಿಗೆಯ ಜಾಗ ಬಿರಿಯುವ ಭಯ. ದಿನ ತುಂಬಿಯೂ ನೋವು ಬಾರದಿದ್ದರೆ ಆಸ್ಪತ್ರೆಯಲ್ಲೇ ನೋವು ಬರಿಸಬೇಕು.

ದೊಡ್ಡವರಿಗೆ ಹರಳೆಣ್ಣೆ ನಿಜವಾಗಿಯೂ ಔಷಧಿ. ವೈದ್ಯರ ಸಲಹೆಯ ಮೇಲೆ 15 ಮಿ.ಲೀ. ಕುಡಿದರೆ ಸಾಮಾನ್ಯವಾಗಿ 2ರಿಂದ 6 ಗಂಟೆಯೊಳಗೆ ಭೇದಿಯಾಗುತ್ತದೆ. ಆದರೆ ದಿನವೂ ಕುಡಿಯುವ ಟಾನಿಕ್ ಅಲ್ಲ. ಪದೇಪದೇ ಕುಡಿದರೆ ಮೈಯ ನೀರು, ಪೊಟ್ಯಾಸಿಯಂ ಇಳಿಯುತ್ತವೆ. ಹೃದಯದ ಔಷಧಿ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಹಿರಿಯರಿಗೆ ಇದು ಅಪಾಯ. ಕಾರಣ ಗೊತ್ತಿಲ್ಲದ ಹೊಟ್ಟೆನೋವಿಗೆ ಯಾರೂ ಕುಡಿಯಬಾರದು. ಅಪೆಂಡಿಕ್ಸ್ ಊದಿಕೊಂಡಿದ್ದರೆ ಒಡೆದೀತು.

ಅತ್ತೆಯವರ ಎಣ್ಣೆ ವ್ಯರ್ಥವಾಗುವುದು ಬೇಡ. ಒಣಗಿದ ಚರ್ಮಕ್ಕೆ, ಒಡೆದ ಹಿಮ್ಮಡಿಗೆ, ತಲೆಗೆ ಧಾರಾಳವಾಗಿ ಹಚ್ಚಿ. ತುರಿಕೆ, ಗುಳ್ಳೆ ಎದ್ದರೆ ಬಿಡಿ. ಅವರು ಎಣ್ಣೆ ತೆಗೆಯುವ ಕ್ರಮವೂ ಸರಿಯಾದದ್ದೇ: ಹರಳುಬೀಜದ ರಿಸಿನ್ ಎಂಬ ವಿಷ ಎಣ್ಣೆಯಲ್ಲಿ ಕರಗುವುದಿಲ್ಲ, ಚೆನ್ನಾಗಿ ಕುದಿಸಿದರೆ ಕೆಡುತ್ತದೆ. ಆದರೂ ಉಳಿದ ಗಸಿಯನ್ನು ದನಕ್ಕೆ ಹಾಕದೆ ಗುಂಡಿ ತೆಗೆದು ಮುಚ್ಚಿ.

ಹಸಿ ಬೀಜದಲ್ಲಿ ಆ ವಿಷ ಹಾಗೇ ಇರುತ್ತದೆ. ಅಂಗಳದಲ್ಲಿ ಹರಳು ಒಣಹಾಕಿದಾಗ ಮಕ್ಕಳ ಮೇಲೆ ಕಣ್ಣಿಡಿ. ಮಗು ಬೀಜ ಅಗಿದದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗಬೇಡಿ, 108ಕ್ಕೆ ಕರೆ ಮಾಡಿ. ವಾಂತಿ, ರಕ್ತಭೇದಿ ಶುರುವಾಗಲು ಕೆಲವು ಗಂಟೆ ಹಿಡಿಯಬಹುದು. ಮಗು ಆಡಿಕೊಂಡಿದೆ ಎಂದು ಮನೆಯಲ್ಲಿ ಕಾಯಬೇಡಿ.