ಸಂಸ್ಥೆಗಳು ಮಾರ್ಪಡುವ ಬಗೆ

ಕೊಡಗಿನಲ್ಲಿ ಹುಟ್ಟಿದ ಕಾವೇರಿಯನ್ನು ತಮಿಳುನಾಡಿನಲ್ಲಿ ಬಂದು ಸೇರುವ ಉಪನದಿಗಳಲ್ಲಿ ನೊಯ್ಯಲ್ ಒಂದು. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದುಹೋಗುವ ಈ ಕಿರುನದಿಯ ಕಥೆಯಲ್ಲಿ ನಮಗೆಲ್ಲ ಒಂದು ಪಾಠವಿದೆ. ರೂಢಿಗೆ ಒಗ್ಗಿಹೋದ ಸಂಸ್ಥೆಗಳು ಹೇಗೆ ಮಾರ್ಪಡುತ್ತವೆ ಎಂಬುದೇ ಆ ಪಾಠ.

ತಿರುಪ್ಪೂರು ಬನಿಯನ್ ಬಟ್ಟೆಗೆ ಹೆಸರಾದ ಊರು. ಬಟ್ಟೆಗೆ ಬಣ್ಣ ಕಟ್ಟಲು ಉಪ್ಪೂ ನೀರೂ ಹೇರಳವಾಗಿ ಬೇಕು. ಬಳಸಿದ ನೀರನ್ನು ಬಣ್ಣದ ಕಾರ್ಖಾನೆಗಳು ನದಿಗೆ ಬಿಡುತ್ತಿದ್ದವು. ಬೇಸಾಯಕ್ಕೆಂದು ಕಟ್ಟಿ 1992ರಲ್ಲಿ ಮುಗಿಸಿದ ಒರತ್ತುಪಾಳೆಯಂ ಅಣೆಕಟ್ಟೆಯಲ್ಲಿ ಆ ಕಲುಷಿತ ಜಲವೇ ತುಂಬಿ ನಿಂತಿತು. ರೈತರ ಹೊಲಗಳೂ ಬಾವಿಗಳೂ ಕೆಟ್ಟವು. ಇದು ತಪ್ಪೆಂದು ಬಲ್ಲವರೂ ರೂಢಿಯನ್ನು ಬಿಡಲಾರದೆ ಹೋದರು. ಒಬ್ಬನೇ ಹಣ ವ್ಯಯಿಸಿ ನೀರನ್ನು ಶುದ್ಧಿಮಾಡಿದರೆ, ನೆರೆಯವನು ಅಗ್ಗವಾಗಿ ಮಾರಿ ಅವನನ್ನು ಹಿಂದಿಕ್ಕುವನಲ್ಲವೆ?

ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1947ರಲ್ಲಿ ಬದಲಾವಣೆಯ ಮೂರು ಹಂತಗಳನ್ನು ವಿವರಿಸಿದನು: ಹೆಪ್ಪುಗಟ್ಟಿದ ರೂಢಿಯನ್ನು ಕರಗಿಸುವುದು, ಹೊಸ ನೆಲೆಗೆ ಸಾಗುವುದು, ಅಲ್ಲಿ ಮತ್ತೆ ಗಟ್ಟಿಗೊಳ್ಳುವುದು. ಕರಗಿಸುವ ಶಕ್ತಿ ಯಾವುದು? ಡಿಮ್ಯಾಜಿಯೊ ಮತ್ತು ಪವೆಲ್ ಎಂಬ ಸಮಾಜಶಾಸ್ತ್ರಜ್ಞರು 1983ರಲ್ಲಿ ಮೂರು ಶಕ್ತಿಗಳನ್ನು ಗುರುತಿಸಿದರು: ಕಾನೂನಿನ ಒತ್ತಾಯ, ಪರರ ಅನುಕರಣೆ, ವೃತ್ತಿಯೊಳಗಿನ ಶಿಸ್ತು.

ತಿರುಪ್ಪೂರಿನಲ್ಲಿ ಮೊದಲು ಬಂದುದು ಕಾನೂನು. ನೊಯ್ಯಲ್ ರೈತರು ನ್ಯಾಯಾಲಯದ ಮೊರೆಹೊಕ್ಕರು. ತ್ಯಾಜ್ಯಜಲವನ್ನು ಹೊರಬಿಡಲೇಕೂಡದೆಂಬ ನಿಯಮವನ್ನು ಪಾಲಿಸದ ಬಣ್ಣದ ಕಾರ್ಖಾನೆಗಳನ್ನು ಮುಚ್ಚಬೇಕೆಂದು ಮದ್ರಾಸ್ ಉಚ್ಚ ನ್ಯಾಯಾಲಯವು 2011ರ ಜನವರಿ 28ರಂದು ಆಜ್ಞಾಪಿಸಿತು. 700ಕ್ಕೂ ಹೆಚ್ಚು ಕಾರ್ಖಾನೆಗಳು ಸ್ತಬ್ಧವಾದವು, ದುಡಿಮೆಗಾರರು ಕಂಗೆಟ್ಟರು. ಆದರೆ ಮುಚ್ಚಿದ ಬಾಗಿಲನ್ನು ಆಜ್ಞೆಯೇ ತೆರೆಯಲಾರದು. ಒಂಟಿಯಾಗಿ ಯಂತ್ರಗಳನ್ನು ಕೊಳ್ಳಲಾರದ ಸಣ್ಣ ಕಾರ್ಖಾನೆಗಳು ಸಾಮೂಹಿಕ ಶುದ್ಧೀಕರಣ ಕೇಂದ್ರಗಳಲ್ಲಿ ಪಾಲುಗೊಂಡವು. ಅಲ್ಲಿ ನೀರನ್ನು ಸೋಸಿ, ಉಪ್ಪನ್ನು ಬೇರ್ಪಡಿಸಿ, ಎರಡನ್ನೂ ಮರಳಿ ಬಳಸುತ್ತಾರೆ. ಖರ್ಚು ಎಲ್ಲರಿಗೂ ಬಂದುದರಿಂದ ನೆರೆಯವನ ಭಯವೂ ತಗ್ಗಿತು.

ಪಾಲುಗೊಳ್ಳುವಿಕೆಯ ಬಲವನ್ನು ಅಮೆರಿಕದ ಹಾರ್ವುಡ್ ಉಡುಪಿನ ಕಾರ್ಖಾನೆಯಲ್ಲಿ ನಡೆದು 1948ರಲ್ಲಿ ಪ್ರಕಟವಾದ ಪ್ರಯೋಗವೊಂದೂ ತೋರಿಸಿದೆ. ಕೆಲಸದ ಬದಲಾವಣೆಯನ್ನು ಕೇವಲ ತಿಳಿಸಿದ ಗುಂಪಿನಲ್ಲಿ 40 ದಿನಗಳೊಳಗೆ ಶೇಕಡಾ 17ರಷ್ಟು ಜನ ಕೆಲಸ ಬಿಟ್ಟರು. ಬದಲಾವಣೆಯನ್ನು ರೂಪಿಸುವಲ್ಲಿ ಎಲ್ಲರೂ ಭಾಗವಹಿಸಿದ ಗುಂಪುಗಳಲ್ಲಿ ಒಬ್ಬರೂ ಬಿಡಲಿಲ್ಲ. ಉತ್ಪಾದನೆಯೂ ಮೊದಲಿಗಿಂತ ಹೆಚ್ಚಿತು.

ಒತ್ತಾಯವು ಹಳೆಯದನ್ನು ಕರಗಿಸಬಲ್ಲದು; ಹೊಸದನ್ನು ನೆಲೆಗೊಳಿಸಲು ಎಲ್ಲರ ಕೈ ಬೇಕು. ನೊಯ್ಯಲ್ ಇನ್ನೂ ಪೂರ್ಣ ಶುದ್ಧವಾಗಿಲ್ಲ. ಊರುಗಳ ಚರಂಡಿನೀರು ಅದನ್ನು ಸೇರುತ್ತಲೇ ಇದೆ. ಈ ರೂಢಿಯನ್ನು ಕರಗಿಸುವ ಹೊಣೆ ಕಾರ್ಖಾನೆಗಳದು ಮಾತ್ರವಲ್ಲ, ಮನೆಮನೆಯದೂ ಹೌದು. ನಮ್ಮ ಶಾಲೆ, ನಮ್ಮ ಸಂಘಗಳೂ ಸಂಸ್ಥೆಗಳೇ. ಅಲ್ಲಿ ಹೊಸ ನಿಯಮವೊಂದನ್ನು ತರುವಾಗ, ಅದನ್ನು ಪಾಲಿಸಬೇಕಾದವರನ್ನು ಮೊದಲು ಕರೆದು ಕೂರಿಸಿ ಕೇಳೋಣ.